‘ಒಬ್ಬಳೇನಾ?’

ಪತ್ರಿಕೆಗಳಿಗೆ ಚಿತ್ರ ಬರೆದು ಬದುಕುವ ನಾನು ಕೆಲಸಕ್ಕೆಂದು ಕಡೂರು, ತರೀಕೆರೆ, ಅಜ್ಜಂಪುರ ಅಲೆದರೆ ಯಾರೂ ಏನೂ ಕೇಳುವುದಿಲ್ಲ. ಕುಂದಗೋಳದ ಅಹೋರಾತ್ರಿ ಸಂಗೀತಕ್ಕೆ ಹೊರಟೆನೆಂದರೆ ಸಾಕು, “ಒಬ್ಬಳೇನಾ? ಮನೆಯಲ್ಲೇ ಹಾಕಿಕೊಂಡು ಕೇಳಬಾರದೆ?” ರಾತ್ರಿಯೆಲ್ಲ ಸಂಗೀತ ಕೇಳಿ ಬಂದ ಗಂಡಸು ರಸಿಕ, ಹೆಂಗಸಾದರೆ ಮನೆ ಮರೆತವಳು! ಇದ್ಯಾವ ನ್ಯಾಯ?

ಕಡೂರು, ಅಜ್ಜಂಪುರ ಹಾಯ್ದು ಹುಬ್ಬಳ್ಳಿಗೆ ಹೋಗುವ ರೈಲು ಹಾದಿಯಲ್ಲೇ ಕುಂದಗೋಳವಿದೆ. ಗಂಗೂಬಾಯಿ ಹಾನಗಲ್ (1913–2009) ಹುಬ್ಬಳ್ಳಿಯಿಂದ ಅಲ್ಲಿಗೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಜನರ ಕುಹಕವನ್ನೂ ನುಂಗಿದರು. ಅಂಜಿ ಮನೆಯಲ್ಲೇ ಕುಳಿತಿದ್ದರೆ, ಇಂದು ‘ಮನೆಯಲ್ಲೇ ಹಾಕಿಕೊಂಡು ಕೇಳು’ ಎನ್ನಲು ಆ ಹಾಡಾದರೂ ಎಲ್ಲಿರುತ್ತಿತ್ತು?

ಮದುವೆ, ಬಾಣಂತನ, ಸಾವು ಇದ್ದರಷ್ಟೇ ಹೆಣ್ಣು ಹೊಸ್ತಿಲು ದಾಟಬೇಕೆ? ಸಂಗೀತವೂ ಸಾಕಷ್ಟು ದೊಡ್ಡ ಕಾರಣವೇ, ತಾಯಂದಿರೇ.