ಅಡಿ ಲೆಕ್ಕ ಬಂತು, ಅರ್ಥ ಬರಲಿಲ್ಲ



1933ರ ನಂತರ ಮೊದಲ ಸಲ, 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿದ್ದಾಗ ನಮ್ಮೂರ ಟೀ ಅಂಗಡಿಯ ಪೇಪರು ಕೈಯಿಂದ ಕೈಗೆ ಹೋಗಿ ಮಡಿಕೆಯಲ್ಲೇ ಹರಿದಿತ್ತು. ನೀರಿನ ಮಟ್ಟ 130 ಅಡಿ ಎಂಬ ಮಾತು ಎಲ್ಲರ ಬಾಯಲ್ಲಿ. ಅಜ್ಜರೊಬ್ಬರು ಮಾತ್ರ ಕೇಳಿದರು: ‘ಈ ನೀರು ಧರ್ಮಪುರದ ಕೆರೆಗೆ ಯಾವಾಗ ಬರ್ತದಂತೆ?’ ಪುಟ ತಿರುವಿದೆವು, ಉತ್ತರ ಇರಲಿಲ್ಲ.

ಸುದ್ದಿ ಸುಳ್ಳಲ್ಲ, ಕೋಡಿಯ ತನಕ ಬಂದು ನಿಂತಿತ್ತು ಅಷ್ಟೆ. ಈರುಳ್ಳಿ ದರವೂ ಹಾಗೇ. ಮೊಬೈಲಿಗೆ ದಿನಾ ಬರುತ್ತದೆ. ಕಿತ್ತದ್ದನ್ನು ಮಾರಬೇಕೋ, ಇಟ್ಟುಕೊಳ್ಳಬೇಕೋ ಎಂದು ಯೋಚಿಸಲು ನೆರವಾಗುವ ಬರಹ ಅಪರೂಪ.

ಹಾಗೆ ಯೋಚಿಸಲು ಹಚ್ಚುವ ಕೆಲಸವನ್ನು ಹಿಂದೆ ಹಾಸ್ಯವೂ ಮಾಡುತ್ತಿತ್ತು. ವೈದ್ಯರಾಗಿದ್ದ ರಾಶಿಯವರು 1942ರಲ್ಲಿ ಆರಂಭಿಸಿದ ಹಾಸ್ಯ ಪತ್ರಿಕೆ ‘ಕೊರವಂಜಿ’, ‘ಪ್ರಜಾವಾಣಿ’ಯಲ್ಲಿ ಟಿಯೆಸ್ಸಾರ್ ಬರೆಯುತ್ತಿದ್ದ ಅಂಕಣ ‘ಛೂಬಾಣ’ ನಗಿಸಿದ ಮೇಲೆ ಅದೇ ಸುದ್ದಿಯನ್ನು ಇನ್ನೊಮ್ಮೆ ನೋಡುವಂತೆ ಮಾಡುತ್ತಿದ್ದವು. ಈಗ ವಾಟ್ಸ್‌ಆ್ಯಪ್‌ನಲ್ಲಿ ಬರುವ ವ್ಯಂಗ್ಯ ಯಾರದೋ ಮೈಬಣ್ಣ, ಮಾತಿನ ಧಾಟಿ ಹಂಗಿಸಿ ಮುಗಿಯುತ್ತದೆ. ಮಕ್ಕಳೂ ಅದನ್ನೇ ಹಾಸ್ಯ ಅಂದುಕೊಂಡಿದ್ದಾರಲ್ಲ, ಅದು ನನಗೆ ನಿಜಕ್ಕೂ ಸಂಕಟ.

ಸಂಪಾದಕರೇ, ಜಲಾಶಯದ ಮಟ್ಟ ಅಚ್ಚು ಮಾಡುವಾಗ, ವಾರಕ್ಕೊಮ್ಮೆಯಾದರೂ, ಆ ನೀರು ಯಾವ ನಾಲೆಗೆ, ಯಾರ ಹೊಲಕ್ಕೆ ಎಂಬುದನ್ನೂ ಬರೆಸಿ. ಟೀ ಅಂಗಡಿಯಲ್ಲಿ ನಾನೇ ಗಟ್ಟಿಯಾಗಿ ಓದಿ ಹೇಳುತ್ತೇನೆ.

— ಒಬ್ಬ ಓದುಗ, ಹರಿಯಬ್ಬೆ, ಹಿರಿಯೂರು ತಾಲ್ಲೂಕು