ಅಟ್ಟದ ಮ್ಯಾಲಿನ ಕೀಬೋರ್ಡ್ ಭಂಗಾರಕ್ಕ ಹಾಕಬ್ಯಾಡ್ರಿ

ದೀಪಾವಳಿ ಹತ್ತರ ಬಂತಂದ್ರ ನಮ್ಮ ಕಡೆ ಮನಿಮನಿಯೊಳಗ ಅಟ್ಟ ಸ್ವಚ್ಛ ಮಾಡೂ ಕೆಲಸ ಸುರು ಆಗ್ತದ. ಹಳೆ ಟ್ರಂಕು, ತೂತು ಬಿದ್ದ ಕೊಡ, ಅದರ ಹಿಂದ ಒಂದು ಉದ್ದನೆ ಡಬ್ಬಿ. ಡಬ್ಬಿ ತಗದ್ರ ಒಳಗ 1980ರ ದಶಕದ್ದೊಂದು ಕ್ಯಾಸಿಯೊನೋ ಯಮಾಹಾನೋ ಕೀಬೋರ್ಡು. ಯಾರದೋ ಮನ್ಯಾಗ ಕಾಕಾ ದುಬೈಯಿಂದ ತಂದದ್ದು, ಯಾರದೋ ಮನ್ಯಾಗ ಹುಡುಗರು ಕಲೀಲಿ ಅಂತ ಬೋನಸ್ಸಿನ ರೊಕ್ಕದಾಗ ಕೊಂಡದ್ದು. ಈಗ ಮಗ ಅಂತಾನ, "ಅಮ್ಮಾ, ಅದು ಆಟಿಗಿ ಸಾಮಾನು, ಭಂಗಾರದಂವಗ ಕೊಟ್ಟಬಿಡು." ಹೊಸಾದು ಮಾರೂ ಅಂಗಡಿಯಂವನೂ ಅದನ್ನ ಅಂತಾನ. ಅವರಿಬ್ಬರ ಮಾತು ಕೇಳಿ ಕೊಟ್ಟೂ ಬಿಡ್ತೇವಿ.

ನನ್ನ ತಕರಾರು ಇರೂದು ಇಲ್ಲೇ. ಹೊಸಾದು ತರಬ್ಯಾಡ್ರಿ ಅಂತ ನಾ ಹೇಳಂಗಿಲ್ಲ. ತರ್ರಿ. ಆದ್ರ ಹಳೇದನ್ನ ಒಗೀಬ್ಯಾಡ್ರಿ. ನಾನ್‌ಸ್ಟಿಕ್ ಬಂತು ಅಂತ ಕಬ್ಬಿಣದ ಹಂಚು ಒಗದೇವೇನು? ದ್ವಾಸಿಗೊಂದು, ರೊಟ್ಟಿಗೊಂದು. ಹಂಗ ಇವೂ ಎರಡೂ ಮನ್ಯಾಗ ಜೋಡಿ ಇರಬೇಕು.

ಮೊದಲ "ಆಟಿಗಿ" ಅನ್ನೂ ಮಾತು ತಗೋಳ್ರಿ. ಕ್ಯಾಸಿಯೊ ಅಂದ್ರ ಜಪಾನಿನ ಕ್ಯಾಲ್ಕುಲೇಟರ್ ಮಾಡೂ ಕಂಪನಿ. ಅದನ್ನ ಕಟ್ಟಿದ ನಾಕು ಮಂದಿ ಅಣ್ಣತಮ್ಮಂದಿರೊಳಗ ತೋಶಿಯೊ ಕಾಶಿಯೊ ಅನ್ನಾವಗ ಸಂಗೀತದ ಹುಚ್ಚು. ವರ್ಷಗಟ್ಟಲೆ ಕಲಿಯೂ ಅನುಕೂಲ ಇಲ್ಲದವರೂ ವಾದ್ಯ ಬಾರಿಸುವಂಗ ಆಗಬೇಕು ಅಂತ ಅವನ ಆಶಾ. 1980ರಾಗ ಅವರ ಮೊದಲನೇ ಕೀಬೋರ್ಡ್ ಬಂತು, ಕ್ಯಾಸಿಯೊಟೋನ್ 201. 49 ಕೀ, 29 ಥರದ ಸದ್ದು. ಅಂದ್ರ ಇದು ಮನಿ ಮಂದಿಗೆ ಅಂತನ ಮಾಡಿದ ವಾದ್ಯ. ಮನಿಗೆ ಅಂತ ಮಾಡಿದ್ದೆಲ್ಲಾ ಕೀಳು ಅಂತ ಯಾರು ಹೇಳಿದ್ರು? ಮನಿ ಅಡಿಗಿ ಹೋಟೆಲ್ ಅಡಿಗಿಗಿಂತ ಕಡಿಮಿ ಏನು?

ಇನ್ನೊಂದು ಸಂಗತಿ ಕೇಳ್ರಿ. ಅದ 1980ರಾಗ ಹಿರೋಕೋ ಓಕುದಾ ಅನ್ನೂ ಹುಡುಗಿ ಸಂಗೀತ ಕಾಲೇಜು ಮುಗಿಸಿ ಕ್ಯಾಸಿಯೊ ಕಂಪನಿಗೆ ಕೆಲಸಕ್ಕ ಸೇರಿದಳು. ಮರುವರ್ಷ ಬಂದ ಎಂಟಿ-40 ಅನ್ನೂ ಸಣ್ಣ ಕೀಬೋರ್ಡಿನ ತಾಳಗೋಳನ್ನ ಮಾಡಿದಾಕಿ ಆಕಿನ. ಅದರೊಳಗಿನ "ರಾಕ್" ಅನ್ನೂ ತಾಳ ಹಚ್ಚಿ 1985ರಾಗ ಜಮೈಕಾದ ವೇಯ್ನ್ ಸ್ಮಿತ್ "ಅಂಡರ್ ಮಿ ಸ್ಲೆಂಗ್ ಟೆಂಗ್" ಅನ್ನೂ ಹಾಡು ಹಾಡಿದ. ಆ ದೇಶದ ರೆಗೆ ಸಂಗೀತದ ದಾರಿನ ಹೊಳ್ಳಿತು. ಅದ ತಾಳದ ಮ್ಯಾಲೆ ಮುಂದ ನೂರಾರು ಹಾಡು ಬಂದ್ವು. ಆಟಿಗಿ ಸಾಮಾನು ಅಂತೀರಲ್ಲ, ಅದರ ಒಂದು ಗುಂಡಿ ಮಾಡಿದ ಕೆಲಸ ಇದು.

ಇಂಥಾ ಕೀಳಗಣ್ಣು ನಮ್ಮ ಪೇಟಿಗೂ ತಪ್ಪಿಲ್ಲ. ಹಾರ್ಮೋನಿಯಂ ನಮ್ಮ ದೇಶದ್ದಲ್ಲ, ಅದರಾಗ ಮೀಂಡ ಬರಂಗಿಲ್ಲ ಅಂತ 1940ರಾಗ ಆಕಾಶವಾಣಿಯವರು ಅದನ್ನ ನಿಷೇಧ ಮಾಡಿದ್ರು. ಮೂವತ್ತು ವರ್ಷದ ಮ್ಯಾಲೆ ಅದು ಸಡಿಲ ಆತು. ಅಷ್ಟರ ತನಕ ಪೇಟಿ ಸುಮ್ನ ಕೂತಿತ್ತೇನು? ಬೆಳಗಾವಿಯೊಳಗ ರಾಮಭಾವು ಬಿಜಾಪುರೆಯವರು ಜೀವನ ಪೂರ್ತಿ ಅದನ್ನ ಬಾರಿಸಿದ್ರು, ಕಲಿಸಿದ್ರು. ನಮ್ಮ ಭಜನಿಯೊಳಗ ಪೇಟಿ ಇಲ್ಲಂದ್ರ ಇವತ್ತಿಗೂ ನಡಿಯಂಗಿಲ್ಲ. ಡಬ್ಬಿ ನೋಡಿ ವಾದ್ಯ ಅಳೀಬಾರದು.

ಈಗ ಹೊಸಾದರ ಮಾತು. ಸೌಂಡ್ ಮಾಡ್ಯೂಲ್ ಅಂದ್ರ ಕೀನ ಇಲ್ಲದ ಕೀಬೋರ್ಡು ಅಂತ ತಿಳ್ಕೋರಿ. ಒಂದು ಪೆಟ್ಟಿಗಿ, ಒಳಗ ಬರೇ ಸದ್ದು. ರೋಲ್ಯಾಂಡ್ ಕಂಪನಿ 2012ರಾಗ ತಂದ ಇಂಟೆಗ್ರಾ-7 ಅನ್ನೂದರಾಗ 6,000ಕ್ಕಿಂತ ಹೆಚ್ಚು ಸದ್ದು ಅವ. ಅಷ್ಟೆಲ್ಲಾ ನಮಗ ಬೇಕಾಗಿಲ್ಲ. ಸಣ್ಣವೂ ಸಿಗ್ತಾವ, ಸೆಕೆಂಡ್ ಹ್ಯಾಂಡೂ ಸಿಗ್ತಾವ, ಒಂದು ಮಿಡಿ ಕೇಬಲ್ ಹಚ್ಚಿದ್ರ ಮೊಬೈಲಿನ ಆ್ಯಪ್ ಸಹಿತ ಅದ ಕೆಲಸ ಮಾಡ್ತದ.

ಈ ಮಿಡಿ ಅನ್ನೂ ಪದ್ಧತಿ ಬಂದದ್ದು 1983ರಾಗ. ನಿಮ್ಮ ಹಳೆ ಕೀಬೋರ್ಡಿನ ಹಿಂದ ಐದು ತೂತಿನ ಗುಂಡನೆ ಜಾಗ ಇದ್ದು, ಅಲ್ಲೆ "ಮಿಡಿ ಔಟ್" ಅಂತ ಬರದಿದ್ರ ನಿಮ್ಮ ದೈವ ಛಲೋ ಅದ. ಅಲ್ಲಿಂದ ಮಾಡ್ಯೂಲಿನ "ಮಿಡಿ ಇನ್"ಗೆ ಒಂದು ವಾಯರು, ಅಷ್ಟ. ಆ ವಾಯರಿನೊಳಗ ಹರಿಯೂದು ಸದ್ದಲ್ಲ, ಸುದ್ದಿ. ಯಾವ ಕೀ ಒತ್ತಿದ್ರಿ, ಯಾವಾಗ ಬಿಟ್ರಿ ಅನ್ನೂ ಸುದ್ದಿ. ಸದ್ದು ಮಾಡೂದು ಆಚೆ ಕಡೆ ಪೆಟ್ಟಿಗಿ. 1991ರಾಗ ಬಂದ ಜನರಲ್ ಮಿಡಿ ನಿಯಮದ ಪ್ರಕಾರ 128 ಸದ್ದಿಗೆ ನಂಬರ್ ಹಾಕ್ಯಾರ. 74ಕ್ಕ ಕೊಳಲು, 105ಕ್ಕ ಸಿತಾರ, 112ಕ್ಕ ಶಹನಾಯಿ. ಅಂದ್ರ ನಲವತ್ತು ವರ್ಷದ ಹಳೆ ಕೀಬೋರ್ಡಿಗೆ ಇವತ್ತಿನ ಶಹನಾಯಿ ದನಿ ಕೊಡಬಹುದು. ಮಿಡಿ ಇಲ್ಲದ ಕೀಬೋರ್ಡ್ ಇದ್ರೂ ಚಿಂತಿಲ್ಲ. ಅದರ ಹೆಡ್‌ಫೋನ್ ತೂತಿನಿಂದ ವಾಯರ್ ಎಳದು, ಮಾಡ್ಯೂಲಿನ ವಾಯರನ್ನೂ ಕೂಡಿಸಿ ಒಂದು ಸಣ್ಣ ಮಿಕ್ಸರಿಗೆ ಹಚ್ರಿ. ಹಾಂ, ಚಟ್ನಿ ಮಿಕ್ಸರ್ ಅಲ್ಲ, ಮೈಕಿನವರು ಇಡೂ ಮಿಕ್ಸರ್. ಎರಡೂ ಒಂದ ಸ್ಪೀಕರಿನೊಳಗ ಬರ್ತಾವ.

ಇಲ್ಲಿಗೆ ಅಂಗಡಿಯಂವ ಒಂದು ಮಾತು ತಗೀತಾನ, "ಹಳೇದರಾಗ ಟಚ್ ಇಲ್ರಿ. ಮೆಲ್ಲಕ ಒತ್ರಿ, ಜೋರ ಒತ್ರಿ, ಸದ್ದು ಒಂದ." ಖರೆ ಅದ, ಭಾಳಷ್ಟು ಹಳೆ ಮನಿ ಕೀಬೋರ್ಡಿನೊಳಗ ಅದಿಲ್ಲ. ಪಿಯಾನೊ ಬಾರಸಾವರಿಗೆ ಅದು ಕೊರತಿನ. ಆದ್ರ ನಮ್ಮ ಪೇಟಿಯೊಳಗ ಕೀ ಜೋರ ಒತ್ತಿದ್ರ ಸದ್ದು ಹೆಚ್ಚಾಗ್ತದೇನು? ಇಲ್ಲ. ಹೆಚ್ಚುಕಡಿಮಿ ಮಾಡೂದು ತಿದಿ ಹಾಕೂ ಕೈ. ಪೇಟಿ, ಆರ್ಗನ್, ತಂಬೂರಿ ಥರದ ನಿಂತ ಸ್ವರ, ಇವಕ್ಕ ಟಚ್ ಬೇಕಾಗಂಗಿಲ್ಲ. ಭಜನಿ, ದೇವರನಾಮ ಬಾರಸಾವರಿಗೆ ಹಳೇದು ಧಾರಾಳ ಸಾಕು.

ಹಳೇದರದ್ದ ಒಂದು ದನಿ ಅದ, ಅದನ್ನೂ ಹೇಳಬೇಕು. ಅದರ ಕೊಳಲು ಕೊಳಲಿನಂಗ ಇಲ್ಲ, ಪಿಟೀಲು ಪಿಟೀಲಿನಂಗ ಇಲ್ಲ. ಅದೊಂದು ಬ್ಯಾರೇನ ಸದ್ದು, ತೆಳ್ಳಗ, ಒಂದೀಟು ಗುಂಯ್ ಅನ್ನೂವಂಥಾದ್ದು. ಮಾಡ್ಯೂಲಿನಿಂದ ತಂಬೂರಿ ಹಿಡದು, ಮ್ಯಾಲೆ ಹಳೇದರ ಆರ್ಗನ್ ದನಿಯೊಳಗ ಹಾಡು ಬಾರಿಸಿ ನೋಡ್ರಿ. ಒಂದೊಂದರಾಗ ಇಲ್ಲದ ಸೊಗಸು ಎರಡೂ ಕೂಡಿದಾಗ ಬರ್ತದ. ಕರೆಂಟ್ ಹೋದಾಗ ಮಾಡ್ಯೂಲು ಮಲಗ್ತದ, ಸೆಲ್ಲಿನ ಮ್ಯಾಲೆ ನಡಿಯೂ ಹಳೇದು ಹಾಡಕೋತ ಇರ್ತದ.

ಹಂಗಂತ ಹಳೇದಕ್ಕ ಕುಂಕುಮ ಹಚ್ಚಿ ಪೂಜಾ ಮಾಡೂ ಮಂದಿ ಜೋಡಿನೂ ನನಗ ಜಗಳ ಅದ. ಹಳೇದಂತ ಬಂಗಾರದ ರೇಟ್ ಹೇಳ್ತಾರ, ಹೊಸಾದೆಲ್ಲಾ ಹೊಲಸು ಅಂತಾರ. ಯಾಕ? ಹಳೇ ಕೀಬೋರ್ಡಿನ ತಾಳ ನಮ್ಮ ದಾದರಾ, ಕೆಹರವಾಕ್ಕ ಕೂಡಂಗಿಲ್ಲ. ಮಾಡ್ಯೂಲು ಕೆಲಸಕ್ಕ ಬರೂದು ಅಲ್ಲೇನ. ಭಂಗಾರಾನೂ ಅಲ್ಲ, ಬಂಗಾರಾನೂ ಅಲ್ಲ. ಬಾರಸೂ ವಾದ್ಯ ಅದು.

ಅಟ್ಟದಿಂದ ಇಳಿಸಿದ ಕೂಡ್ಲೆ ಸ್ವಿಚ್ ಹಾಕಬ್ಯಾಡ್ರಿ. ಮೊದಲ ಸೆಲ್ಲಿನ ಮುಚ್ಚಳ ತಗೀರಿ, ಹಳೆ ಸೆಲ್ಲು ಸೋರಿದ್ರ ಒಣಾ ಅರಬಿಲೆ ಒರಸ್ರಿ, ಬರಿಗೈಲೆ ಮುಟ್ಟಬ್ಯಾಡ್ರಿ. ಅಡಾಪ್ಟರ್ ಯಾವುದರೆ ಒಂದು ಚುಚ್ಚಬ್ಯಾಡ್ರಿ. ಪಿನ್ನಿನ ನಡುವ ಪ್ಲಸ್ಸೋ ಮೈನಸ್ಸೋ, ಎಷ್ಟು ವೋಲ್ಟು ಅಂತ ಕೀಬೋರ್ಡಿನ ಮ್ಯಾಲೆ ಬರದಿರ್ತದ. ಹಳೆ ಕ್ಯಾಸಿಯೊದ್ದು, ಯಮಾಹಾದ್ದು ಉಲ್ಟಾಸೀದಾ ಇರ್ತಾವ, ತಪ್ಪಿದ್ರ ಸುಡ್ತದ. ಒಂದೆರಡು ಕೀ ನುಡೀಲಿಲ್ಲಂದ್ರ ಹಾಳಾತು ಅಂತ ತಿಳೀಬ್ಯಾಡ್ರಿ. ಕೀ ಬುಡಕ ರಬ್ಬರ್ ಪಟ್ಟಿ ಇರ್ತದ, ಅದಕ್ಕ ಧೂಳ ಕೂತಿರ್ತದ. ರೇಡಿಯೊ ರಿಪೇರಿಯವರು ಬಿಚ್ಚಿ ಸ್ವಚ್ಛ ಮಾಡಿ ಕೊಡ್ತಾರ.

ಇಷ್ಟೆಲ್ಲಾ ಯಾಕ ಹೊಡಕೋತೇನಿ ಅಂದ್ರ, ಇದು ಬರೇ ಸಾಮಾನಿನ ಮಾತಲ್ಲ. ಹೊಸಾದು ಮನಿಗೆ ಬಂತಂದ್ರ ಅದು ಹುಡುಗರ ಖೋಲಿಗೆ ಹೋಗ್ತದ. ಮ್ಯಾಲೊಂದು ಮುಸುಕು, "ಅಮ್ಮಾ, ಕೈ ಹಚ್ಚಬ್ಯಾಡ, ತುಟ್ಟಿದು" ಅನ್ನೂ ಹುಕುಂ. ಸಣ್ಣಾಕಿದ್ದಾಗ ಪೇಟಿ ಮುಂದ ಕೂತು ಸರಿಗಮ ಕಲ್ತು, ಮದಿವಿ ಆದಮ್ಯಾಲೆ ಬಿಟ್ಟ ಹೆಣ್ಣಮಕ್ಕಳು ನಮ್ಮ ಓಣಿಯೊಳಗ ಎಷ್ಟು ಮಂದಿ ಇದ್ದೇವಿ, ಬೆರಳು ಮಡಚಿ ಎಣಸ್ರಿ. ನಮ್ಮ ಕೈಗೆ ಯಾರನ್ನೂ ಕೇಳದ ಸಿಗೂ ವಾದ್ಯ ಅಂದ್ರ ಆ ಹಳೇದೊಂದ. ಅದನ್ನ ತೂಕಕ್ಕ ಹಾಕಿದ್ರ ಹೋಗೂದು ಒಂದು ಡಬ್ಬಿ ಅಲ್ಲ, ನಮ್ಮ ಪಾಲು.

ಅದಕ್ಕ ಅಕ್ಕಂದಿರ, ವೈನಿಗೋಳ, ಈ ಸಲ ಅಟ್ಟ ಇಳಿಸಿದಾಗ ಡಬ್ಬಿ ಸಿಕ್ರ ಪಡಸಾಲಿಯೊಳಗ ಒಂದು ಮಣಿ ಹಾಕಿ ಅದರ ಮ್ಯಾಲೆ ಇಡ್ರಿ. ಮಗಗ ಹೇಳ್ರಿ, ನಿನ್ನ ಹೊಸಾ ಪೆಟ್ಟಿಗಿ ತಂದು ನನ್ನ ಹಳೇದಕ್ಕ ಜೋಡಸು ಅಂತ. ಬ್ಯಾಡ ಅಂದ್ರ ಆ ವಾಯರು ನಾವ ಹಚ್ಚೋಣು. ಐದ ಐದು ತೂತು, ಹೊಲಿಗಿ ಮಷೀನಿಗೆ ದಾರ ಪೋಣಿಸಿದಾಕಿಗೆ ಅದೇನು ದೊಡ್ಡದಲ್ಲ.