ಗುಳಿಗೆ ಬಿಡುವುದು ವ್ರತವಲ್ಲ



ಶ್ರಾವಣ ಮಾಸ ಸಮೀಪಿಸಿತೆಂದರೆ ಭಕ್ತರಲ್ಲಿ ಏನನ್ನಾದರೂ ಬಿಡುವ ಸಂಕಲ್ಪ ಮೂಡುವುದು ಸಹಜ. ಕೆಲವರು ಚಹಾ ಬಿಡುತ್ತಾರೆ, ಕೆಲವರು ಒಪ್ಪೊತ್ತಿನ ಊಟ ಹಿಡಿಯುತ್ತಾರೆ, ತಂಬಾಕನ್ನು ತೊರೆದವರೂ ಉಂಟು. ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ಆದರೆ ಆತಂಕದ ಕಾಯಿಲೆಗೆಂದು ವೈದ್ಯರು ಬರೆದುಕೊಟ್ಟ ಗುಳಿಗೆಯನ್ನೂ ಇದೇ ಸಾಲಿಗೆ ಸೇರಿಸಿ, ಇಂದಿನಿಂದ ಲಿಂಗಪೂಜೆಯೇ ನನಗೆ ಔಷಧವೆಂದು ಒಂದೇ ದಿನಕ್ಕೆ ನಿಲ್ಲಿಸಿಬಿಡುವುದು ನಿಷ್ಠೆಯ ಕುರುಹಲ್ಲ, ಅಪಾಯ. ಇದನ್ನು ಮಠದ ಪುಟದಲ್ಲಿಯೇ ಹೇಳಬೇಕಾಗಿದೆ. ಹೀಗೆ ಬಿಡುವವರಲ್ಲಿ ಭಕ್ತಿಯ ಹೆಸರಿನಲ್ಲಿ ಬಿಡುವವರಿದ್ದಾರೆ.

ಶರಣಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದುದನ್ನು ತಾವು ಬಲ್ಲಿರಿ. ವೈದ್ಯವೇ ಅವನ ಕಾಯಕ. ಆ ವೃತ್ತಿಯ ಪರಿಭಾಷೆಯಲ್ಲಿಯೇ ಅವನು ಅನುಭಾವವನ್ನು ನುಡಿದ. ವೈದ್ಯವನ್ನು ಕಾಯಕವೆಂದು ಮನ್ನಿಸಿದ ಪರಂಪರೆಯಲ್ಲಿ ವೈದ್ಯನು ಕೊಟ್ಟ ಮದ್ದು ಲಿಂಗನಿಷ್ಠೆಗೆ ಎದುರಾಳಿ ಹೇಗಾದೀತು? ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವಾಗ ನಮಗಿಲ್ಲದ ನಾಚಿಕೆ ಮನಸ್ಸಿನ ಗುಳಿಗೆಗೆ ಮಾತ್ರ ಏಕೆ? ಆ ನಾಚಿಕೆಯೇ ಬಹಳ ಜನರ ಕೈಯಿಂದ ಅವಸರದಲ್ಲಿ ಗುಳಿಗೆ ಬಿಡಿಸುತ್ತದೆ.

ಬಿಡಬೇಕೆಂಬ ಆಸೆ ತಪ್ಪಲ್ಲ. ಅಗತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಿರುಗಿಸಿ ಬಾ ಎಂದು ಆಯ್ದಕ್ಕಿ ಲಕ್ಕಮ್ಮ ಗಂಡನಿಗೆ ಹೇಳಿದ ಕಥೆ ಮನೆಮಾತಾಗಿದೆ. ಆದರೆ ಆಕೆ ಅಂದಿನ ದಾಸೋಹಕ್ಕೆ ಬೇಕಾದ ಅಕ್ಕಿಯನ್ನೂ ಚೆಲ್ಲಿ ಬಾ ಎನ್ನಲಿಲ್ಲ. ಎಷ್ಟು ಹೆಚ್ಚು, ಎಷ್ಟು ಸಾಕು ಎಂಬುದನ್ನು ಅಳೆಯುವುದರಲ್ಲಿ ವಿವೇಕವಿದೆ. ಈ ಗುಳಿಗೆಗಳ ವಿಷಯದಲ್ಲಿ ಆ ಅಳತೆಗೆ ಸ್ವಲ್ಪ ತಿಳಿವಳಿಕೆ ಬೇಕು.

ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಅಲ್ಪ್ರಜೋಲಾಮ್, ಕ್ಲೋನಜೆಪಾಮ್, ಲೊರಾಜೆಪಾಮ್ ಮೊದಲಾದವು ತಕ್ಷಣವೇ ಶಮನ ಕೊಡುತ್ತವೆ. ಸಾಮಾನ್ಯವಾಗಿ ಇವು ಕೆಲವು ವಾರಗಳ ಬಳಕೆಗಷ್ಟೇ ಯೋಗ್ಯ. ತಿಂಗಳುಗಟ್ಟಲೆ ತೆಗೆದುಕೊಂಡರೆ ದೇಹ ಅವುಗಳಿಗೆ ಒಗ್ಗಿಬಿಡುತ್ತದೆ. ಬಹುಕಾಲ ಸೇವಿಸಿದವರು ಥಟ್ಟನೆ ನಿಲ್ಲಿಸಿದರೆ ನಿದ್ರಾಭಂಗ, ನಡುಕ, ಮೊದಲಿಗಿಂತ ತೀವ್ರವಾದ ಆತಂಕ ಉಂಟಾಗಬಹುದು. ಕೆಲವರಿಗೆ ಫಿಟ್ಸ್ ಬಂದು ಪ್ರಾಣಕ್ಕೂ ಅಪಾಯವಾದೀತು. ಇವುಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ. ಅಲ್ಪ್ರಜೋಲಾಮ್ ಮಾರಿದ ದಾಖಲೆಯನ್ನು ಮೂರು ವರ್ಷ ಇರಿಸಬೇಕು ಎಂಬ ನಿಯಮ 2014ರಿಂದಲೂ ಇದೆ. ಹಳೆಯ ಚೀಟಿಯನ್ನೇ ತೋರಿಸಿ ವರ್ಷಗಟ್ಟಲೆ ತರುವ ರೂಢಿಯಂತೂ ನಿಂತಿಲ್ಲವೆನ್ನಿ.

ಎಸಿಟಲೋಪ್ರಾಮ್, ಸರ್ಟ್ರಾಲೀನ್ ಮುಂತಾದವು ಎರಡನೆಯ ಬಗೆ. ಇವುಗಳ ಗುಣ ಕಾಣಿಸಲು ವಾರಗಳು ಬೇಕು. ಹಾಯೆನಿಸಿದ ದಿನವೇ ಇವುಗಳ ಕೆಲಸ ಮುಗಿಯಿತೆಂದು ತಿಳಿಯಬಾರದು. ಗುಣವಾದ ಮೇಲೆಯೂ ಆರು ತಿಂಗಳಿಂದ ಒಂದು ವರ್ಷದವರೆಗೆ ಮುಂದುವರಿಸಲು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಬೇಗ ಬಿಟ್ಟರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ಇವು ಹೆಂಡದಂತೆ ಚಟ ಹಿಡಿಸುವುದಿಲ್ಲ. ಆದರೂ ಒಮ್ಮೆಗೇ ಬಿಟ್ಟರೆ ತಲೆಸುತ್ತು, ತಲೆಯೊಳಗೆ ಕರೆಂಟು ಹರಿದಂತಹ ಅನುಭವ, ವಿಚಿತ್ರ ಕನಸು, ಸಿಡುಕು ಕಾಣಿಸಿಕೊಳ್ಳಬಹುದು.

ಇಲ್ಲಿಯೇ ಅನೇಕರು ದಿಕ್ಕು ತಪ್ಪುವುದು. ಬಿಟ್ಟ ಕೆಲವೇ ದಿನಗಳಲ್ಲಿ, ಹಿಂದೆಂದೂ ಇಲ್ಲದ ಇಂತಹ ಲಕ್ಷಣಗಳು ತೋರಿದರೆ ಅದು ಬಹುಮಟ್ಟಿಗೆ ಗುಳಿಗೆ ಬಿಟ್ಟದ್ದರ ಪರಿಣಾಮ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಹಳೆಯ ಭಯ, ಹಳೆಯ ಎದೆಬಡಿತ ಮೆಲ್ಲನೆ ಹಿಂದಿರುಗಿದರೆ ಕಾಯಿಲೆಯೇ ಮರಳಿರಬಹುದು. ಎರಡೂ ಕೆಲವೊಮ್ಮೆ ಬೆರೆತಿರುತ್ತವೆ, ಆದುದರಿಂದ ನಿರ್ಣಯ ವೈದ್ಯರದೇ ಆಗಿರಲಿ. ಇದನ್ನರಿಯದವರು, ನನ್ನ ಭಕ್ತಿ ಸಾಲದಾಯಿತು ಎಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಆ ಹಳಹಳಿಕೆ ಅನಾವಶ್ಯಕ.

ಹಾಗಾದರೆ ಬಿಡುವ ಬಗೆ? ಹಂತಹಂತವಾಗಿ, ಅದೂ ವಾರಗಳ, ಕೆಲವೊಮ್ಮೆ ತಿಂಗಳುಗಳ ಲೆಕ್ಕದಲ್ಲಿ. ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಎರಡನೆಯ ಬಗೆಯ ಗುಳಿಗೆಗಳ ಕುರಿತು ಒಂದು ಮುಖ್ಯ ವಿಚಾರವನ್ನು ಮುಂದಿಟ್ಟರು. ಅತಿ ಕಡಿಮೆ ಪ್ರಮಾಣದಲ್ಲಿಯೂ ಈ ಔಷಧ ಮಿದುಳಿನ ಮೇಲೆ ಸಾಕಷ್ಟು ಪ್ರಭಾವ ಬೀರುತ್ತದೆ. ಆದ ಕಾರಣ ಕಡೆಯ ಮೆಟ್ಟಿಲುಗಳು ಮೊದಲಿನವುಗಳಿಗಿಂತ ಇನ್ನೂ ಚಿಕ್ಕದಾಗಿರಬೇಕೆಂಬುದು ಅವರ ವಾದ. ಅರ್ಧ ಗುಳಿಗೆಯಿಂದ ನೇರವಾಗಿ ಸೊನ್ನೆಗಿಳಿದು ಕಷ್ಟಪಟ್ಟವರಿಗೆ ಇದರ ಮರ್ಮ ಅರ್ಥವಾದೀತು. ದಿನ ಬಿಟ್ಟು ದಿನ ನುಂಗುವ ಉಪಾಯವನ್ನು ತಾವಾಗಿಯೇ ಮಾಡಿಕೊಳ್ಳಬಾರದು. ರಕ್ತದಲ್ಲಿ ಔಷಧದ ಮಟ್ಟ ಏರಿಳಿದು ತೊಂದರೆ ಹೆಚ್ಚುತ್ತದೆ.

ಕಾಲವೂ ಮುಖ್ಯ. ಮಗಳ ಮದುವೆ, ಪರೀಕ್ಷೆ, ಮನೆಯಲ್ಲಿ ಸಾವು, ಬೆಳೆ ಕೈಕೊಟ್ಟ ವರ್ಷ ಇವು ಇಳಿಸಲು ತಕ್ಕ ಕಾಲವಲ್ಲ. ಗರ್ಭಿಣಿಯೆಂದು ತಿಳಿದೊಡನೆ ಗಾಬರಿಯಿಂದ ಗುಳಿಗೆ ಎಸೆಯುವ ತಾಯಂದಿರೂ ಮೊದಲು ವೈದ್ಯರನ್ನು ಕಾಣಬೇಕು. ಮನಸ್ಸು ಕೆಲವು ತಿಂಗಳು ನೆಮ್ಮದಿಯಾಗಿದ್ದು, ಕಾಯಕ, ನಿದ್ರೆ, ಊಟ ಕ್ರಮದಲ್ಲಿದ್ದು, ಆಪ್ತಸಮಾಲೋಚನೆಯಿಂದ ಭಯವನ್ನು ಎದುರಿಸುವ ರೀತಿ ಕಲಿತಿದ್ದರೆ ಅದು ಸರಿಯಾದ ಸಮಯ. ಪ್ರತಿದಿನದ ಲಿಂಗಪೂಜೆ ಆ ದಿನಗಳಲ್ಲಿ ಮನಸ್ಸಿಗೆ ಬಲ ನೀಡುತ್ತದೆ. ಗುಳಿಗೆಯ ಜಾಗವನ್ನು ತುಂಬು ಎಂದು ಅದರ ಮೇಲೆ ಹೊರೆ ಹೊರಿಸುವುದೇಕೆ? ಕೆಲವರಿಗೆ ಬಹುಕಾಲ ಗುಳಿಗೆ ಬೇಕಾದೀತು. ಬೇಕಾದರೆ ಬೇಕು, ಅಷ್ಟೇ.

ಮನೆಯವರಲ್ಲೊಂದು ಬಿನ್ನಹ. ಇನ್ನೂ ಎಷ್ಟು ದಿನ ಆ ಗುಳಿಗೆ ಎಂದು ಕೇಳುವುದನ್ನು ಬಿಟ್ಟು, ವೈದ್ಯರಲ್ಲಿಗೆ ಹೋಗುವಾಗ ಜೊತೆಗೆ ಹೋಗಿರಿ. ಪ್ರಮಾಣ ಇಳಿಸಿದ ದಿನಾಂಕವನ್ನೂ ಆ ವಾರದ ನಿದ್ರೆಯನ್ನೂ ಒಂದು ಹಾಳೆಯಲ್ಲಿ ಬರೆದಿಡಿರಿ. ಹತ್ತಿರದಲ್ಲಿ ಮನೋವೈದ್ಯರಿಲ್ಲದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಈ ಸೇವೆ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.